ಸೊನ್ನೆಯ ಮುಂದಿನ ಸಾಲು

ಕೈಗೆ ಸೋಪು ಹಚ್ಚಿಕೊಳ್ಳುತ್ತಿದ್ದವಳಿಗೆ ತಟ್ಟನೆ ಹೊಳೆಯಿತು: ತಂಗಿ ಸತ್ತಿರಲಿಲ್ಲ. ನಲ್ಲಿ ನಿಲ್ಲಿಸುವುದನ್ನೂ ಮರೆತು, ನೊರೆ ಮೆತ್ತಿದ ಎರಡೂ ಕೈಗಳನ್ನು ಯಾರದೋ ಕೈಗಳೆಂಬಂತೆ ಮುಂದೆ ಹಿಡಿದುಕೊಂಡು ಕನ್ನಡಿಯೆದುರು ನಿಂತೇ ಇದ್ದಳು. ಸಾಯುವುದೆಂದರೆ ಆಟದಲ್ಲಿ ಸಾಯುವುದು, ಅಷ್ಟೇ. ಇಬ್ಬರು ಎದುರುಬದುರು ಕೂತು, ತಾವು ವರ್ಷಗಟ್ಟಲೆ ಹುಡುಕಿ ಕೂಡಿಹಾಕಿದ ಕಾರ್ಡುಗಳನ್ನು ಒಂದೊಂದಾಗಿ ಇಳಿಸುತ್ತ ಆಡುವ ಆಟ. ಶುರುವಿನಲ್ಲಿ ಇಬ್ಬರಿಗೂ ಇಪ್ಪತ್ತು ಉಸಿರು. ಯಾರ ಉಸಿರು ಸೊನ್ನೆಗೆ ಇಳಿಯಿತೋ ಅವರು ಸತ್ತ ಹಾಗೆ, ಕಾರ್ಡು ಎತ್ತಿಕೊಂಡು ಮನೆಯ ದಾರಿ ಹಿಡಿಯಬೇಕು. ಕಾಲು ಗಂಟೆಯ ಹಿಂದೆ, ಈ ಬಾಡಿಗೆ ಸಭಾಂಗಣದ ಏಳನೆಯ ಮೇಜಿನ ಮುಂದೆ, ಐವತ್ತು ಅರವತ್ತು ಜನ ಕುತ್ತಿಗೆ ಚಾಚಿ ನೋಡುತ್ತಿರುವಾಗ, ಮುಖ್ಯ ತೀರ್ಪುಗಾರ್ತಿಯಾಗಿ ನಿಂತು, ಬದುಕಿದ್ದ ತಂಗಿಯನ್ನು ಸತ್ತಳೆಂದು ಸಾರಿದವಳು ಅವಳೇ.

ಕಾರ್ಡಿನ ಮೇಲಿದ್ದದ್ದು ಎರಡೇ ಸಾಲು. ಮೊದಲನೆಯದು: ಆಡಿದವರು ನಾಲ್ಕು ಉಸಿರು ಕಳೆದುಕೊಳ್ಳಲಿ. ಎರಡನೆಯದು: ಆಮೇಲೆ ಎದುರಾಳಿಯ ಒಂದು ಪ್ರಾಣಿಯನ್ನು ಕೆಡವಿ, ಅದರ ಬಲದಷ್ಟು ಉಸಿರು ಪಡೆಯಲಿ. ತಂಗಿಯ ಬಳಿ ಉಳಿದಿದ್ದದ್ದು ಸರಿಯಾಗಿ ನಾಲ್ಕು. ಎದುರಿಗೆ ಕೂತಿದ್ದವನು ಬೀಗ ರಿಪೇರಿ ಮಾಡುವವನು, ಎಲ್ಲರೂ ಬೀಗದವನೆಂದೇ ಕರೆಯುವ ದಪ್ಪ ಮೀಸೆಯ ಮನುಷ್ಯ; ಅವನ ಮುಂದೆ ಐದು ಬಲದ ಕರಡಿಯ ಕಾರ್ಡು. ತಂಗಿ ಕಾರ್ಡು ಇಳಿಸಿ, ಉಸಿರು ಎಣಿಸುವ ಚಕ್ರವನ್ನು ನಾಲ್ಕರಿಂದ ಸೊನ್ನೆಗೆ ತಿರುಗಿಸಿ, ಕರಡಿಯ ಮೇಲೆ ಬೆರಳಿಡುವಷ್ಟರಲ್ಲಿ ಬೀಗದವನು "ನಿಲ್ಲಿ ನಿಲ್ಲಿ, ಸೊನ್ನೆ ಆಯ್ತಲ್ಲ, ಸತ್ರಿ ನೀವು" ಎಂದು ಕೈ ಎತ್ತಿದ. ಆ ಸಾಲಿನ ಮೇಜುಗಳನ್ನು ನೋಡಿಕೊಳ್ಳುತ್ತಿದ್ದ ಸಹ ತೀರ್ಪುಗಾರರು, ವಾರವಿಡೀ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಮೇಷ್ಟ್ರು, ಬಗ್ಗಿ ನೋಡಿ "ಇಲ್ಲ, ಬದುಕಿದ್ದಾರೆ" ಎಂದರು. ಬೀಗದವನು ಒಪ್ಪಲಿಲ್ಲ. ಮೇಲಿನವರನ್ನು ಕರೆಯಿರಿ ಎಂದ. ಮೇಲಿನವರೆಂದರೆ ಅವಳು. ಬಂದಳು, ಚಕ್ರ ನೋಡಿದಳು, ಕಾರ್ಡು ನೋಡಿದಳು, "ಸೊನ್ನೆ ಅಂದ್ರೆ ಸೊನ್ನೆ. ಆಟ ಮುಗೀತು" ಎಂದಳು. ಎಷ್ಟು ಸಲೀಸಾಗಿ ಬಂದಿತ್ತು ಮಾತು! ಆದರೆ ಯಾರು ಸತ್ತರು ಯಾರು ಉಳಿದರು ಎಂದು ಆಟ ತಿರುಗಿ ನೋಡುವುದು ಒಂದು ಕಾರ್ಡು ತನ್ನ ಕೆಲಸ ಪೂರ್ತಿ ಮುಗಿಸಿದ ಮೇಲೆಯೇ. ಮೊದಲ ಸಾಲಿಗೂ ಎರಡನೆಯ ಸಾಲಿಗೂ ನಡುವೆ ಯಾರೂ ಕೈ ಹಾಕುವ ಹಾಗಿಲ್ಲ. ನಡುವಿನ ಸೊನ್ನೆ ಲೆಕ್ಕಕ್ಕೇ ಇಲ್ಲ. ಇದು ಹೊಸ ತೀರ್ಪುಗಾರರಿಗೆ ಮೊದಲ ವಾರ ಕಲಿಸುವ ಪಾಠ. ಕಲಿಸುವವಳೂ ಅವಳೇ. ನಿಯಮದ ಪುಸ್ತಕ ತೆರೆಯದೆಯೇ ಇಂಥ ಪುಟ ಎಂದು ಹೇಳಿಬಿಡುತ್ತಾಳೆಂದು ಆಟಗಾರರು ಅವಳಿಗೆ 'ಪುಟಸಂಖ್ಯೆ' ಎಂದು ಅಡ್ಡಹೆಸರಿಟ್ಟಿದ್ದರು. ಬೆನ್ನ ಹಿಂದೆ ಕರೆಯುವ ಹೆಸರಾದರೂ ಅವಳಿಗೆ ಅದರಲ್ಲಿ ಒಳಗೊಳಗೇ ಖುಷಿಯಿತ್ತು. ಹನ್ನೊಂದು ವರ್ಷದಲ್ಲಿ ಒಂದು ತೀರ್ಪೂ ತಪ್ಪಿರಲಿಲ್ಲ.

ಗೊತ್ತಿರಲಿಲ್ಲವೆ? ಗೊತ್ತಿತ್ತು. ಮರೆತಳೆ? ಮರೆಯುವಂಥದ್ದಲ್ಲ, ತನ್ನ ಮನೆಯ ಬಾಗಿಲು ಯಾವ ಕಡೆಗೆ ತೆರೆದುಕೊಳ್ಳುತ್ತದೆ ಎಂಬುದನ್ನು ಯಾರಾದರೂ ಮರೆಯುತ್ತಾರೆಯೆ. ಮತ್ತೆ? ಮೇಜಿನ ಹತ್ತಿರ ಬರುವಾಗ ಗುಂಪಿನಲ್ಲಿ ಯಾರೋ ಅಂದಿದ್ದರು, "ಅಕ್ಕನೇ ತೀರ್ಪು ಹೇಳೋದು, ಇನ್ನೇನು ಬಿಡಿ." ಇನ್ಯಾರೋ ಕಿಸಕ್ಕೆಂದರು. ಅವಳ ಕಿವಿ ಬಿಸಿಯಾಯಿತು. ಅಲ್ಲಿಂದ ಮುಂದೆ ಅವಳಿಗೆ ಕಂಡದ್ದು ಸೊನ್ನೆಯೊಂದೇ. ತಂಗಿಯ ಮುಖ ನೋಡಲಿಲ್ಲ. ನೋಡಿದ್ದು ಕರಡಿಯ ಮೇಲಿಟ್ಟಿದ್ದ ಬೆರಳನ್ನು, ಅದರ ಉಗುರಿನ ಬುಡದಲ್ಲಿ ಸೂಜಿ ಹೊಕ್ಕ ಹಳೆಯ ಕಪ್ಪು ಕಲೆಯನ್ನು. ತಂಗಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಹಾಕುತ್ತಾಳೆ, ದಿನಕ್ಕೆ ಇಷ್ಟು ನೂರು ಎಂದು ಲೆಕ್ಕ. ಊಟದ ಬಿಡುವಿನಲ್ಲಿ ಯಂತ್ರದ ಹಲಗೆಯ ಮೇಲೇ ಕಾರ್ಡು ಹರಡಿಕೊಂಡು ಒಬ್ಬಳೇ ಎರಡೂ ಕಡೆಯಿಂದ ಆಡಿಕೊಳ್ಳುತ್ತಾಳೆ. ಎಂಟು ವರ್ಷದಿಂದ ಪ್ರತಿ ಸಲವೂ ಕೊನೆಯ ಎಂಟು ಜನರಲ್ಲಿ ಬಂದು ನಿಂತುಬಿಡುತ್ತಿದ್ದಳು. ಇವತ್ತು ಈ ಒಂದು ಆಟ ದಾಟಿದ್ದರೆ ಕೊನೆಯ ನಾಲ್ವರಲ್ಲಿ ಒಬ್ಬಳು. ಆ ನಾಲ್ವರಿಗೂ ದೊಡ್ಡ ಪಂದ್ಯಕ್ಕೆ ನೇರ ಪ್ರವೇಶ. ಅದಕ್ಕೆಂದೇ ಮೂರು ಭಾನುವಾರ ಹೆಚ್ಚುವರಿ ಪಾಳಿ ಮಾಡಿ ಇವತ್ತಿನ ರಜೆ ಪಡೆದಿದ್ದಳು. ತೀರ್ಪು ಬಿದ್ದೊಡನೆ ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಬೀಗದವನಿಗಲ್ಲ, ಅವಳಿಗೆ. ಚಿಕ್ಕಂದಿನಲ್ಲಿ ಶಾಲೆಯ ಟೀಚರು ಬೆನ್ನು ತಟ್ಟಿದ್ದೂ ಹೀಗೇ. ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸುತ್ತಿದ್ದ ಕಾಲ. ಗಲಾಟೆ ಮಾಡುವವರ ಹೆಸರು ಬರೆ ಎಂದು ಸೀಮೆಸುಣ್ಣ ಕೊಟ್ಟು ಟೀಚರು ಹೊರಗೆ ಹೋದದ್ದೇ ತಡ, ಅವಳು ಕರಿಹಲಗೆಯ ಮೇಲೆ ಎಲ್ಲಕ್ಕಿಂತ ಮೊದಲು ಬರೆದದ್ದು ತಂಗಿಯ ಹೆಸರು. ತಂಗಿ ಗಲಾಟೆ ಮಾಡಿರಲಿಲ್ಲ. ಪೆನ್ಸಿಲ್ ಬಿದ್ದಿತ್ತು, ಎತ್ತಿಕೊಂಡಿದ್ದಳು, ಅಷ್ಟೇ. "ಸ್ವಂತ ತಂಗೀನೂ ಬಿಟ್ಟಿಲ್ಲ ನೋಡಿ ಇವಳು" ಎಂದು ಟೀಚರು ಎಲ್ಲರೆದುರು ಹೊಗಳಿದರು, ಆ ಪಿರಿಯಡ್ಡು ಪೂರ್ತಿ ತಂಗಿ ಬಾಗಿಲ ಬಳಿ ನಿಂತಿದ್ದಳು.

ಯಾರೋ ಬಂದು ನಲ್ಲಿ ನಿಲ್ಲಿಸಿದರು. "ಏನ್ ಮೇಡಂ, ನೀರು ಹೋಗ್ತಿದೆ," ಎಂದು ನಕ್ಕರು. ಅವಳೂ ನಕ್ಕಳು. ಕೈ ಒರೆಸಿಕೊಂಡು ಹೊರಗೆ ಬಂದರೆ ಗೋಡೆಯ ಗಡಿಯಾರದಲ್ಲಿ ಬಿಡುವು ಮುಗಿಯಲು ಹದಿನೈದು ನಿಮಿಷ. ಮುಂದಿನ ಸುತ್ತು ಶುರುವಾಗುವವರೆಗೆ ಮುಖ್ಯ ತೀರ್ಪುಗಾರರು ತಮ್ಮ ತೀರ್ಪನ್ನು ತಾವೇ ಹಿಂದಕ್ಕೆ ಪಡೆಯಬಹುದು. ಶುರುವಾಯಿತೋ, ಮುಗಿಯಿತು, ಆಮೇಲೆ ದೇವರೇ ಬಂದು ತಪ್ಪು ಎಂದರೂ ಫಲಿತಾಂಶ ಬದಲಾಗದು. ಹದಿನೈದು ನಿಮಿಷ ಸುಮ್ಮನಿದ್ದರೆ ಸಾಕು ಎಂದು ಅವಳೊಳಗೆ ಯಾರೋ ಅಂದರು. ಅಂದವಳು ಬೇರೆ ಯಾರೂ ಅಲ್ಲ, ತಾನೇ. ವಾರದ ದಿನಗಳಲ್ಲಿ ಅವಳು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತಾಳೆ. ಪವರು ಕೂದಲೆಳೆಯಷ್ಟು ತಪ್ಪಿದರೂ ಆ ಗಾಜನ್ನು ಪಕ್ಕಕ್ಕಿಟ್ಟು ಹೊಸದು ಶುರುಮಾಡುತ್ತಾಳೆ, ಮಾಲೀಕ ಎಷ್ಟೇ ಗೊಣಗಲಿ. ಯಾರಿಗೂ ಕಾಣದ ತಪ್ಪಿಗೆ ಅಷ್ಟು ಹೆದರುವವಳು ತಾನು ಎಂದು ಅವಳು ನಂಬಿಕೊಂಡು ಬಂದಿದ್ದಳು.

ಹಜಾರದಲ್ಲಿ ಪಂದ್ಯದ ವ್ಯವಸ್ಥಾಪಕರು ಅಡ್ಡ ಬಂದರು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಾತಾಡುವ ಮನುಷ್ಯ. "ಮೇಡಂ, ಇವತ್ತು ನೀವು ತೋರಿಸಿಬಿಟ್ರಿ ಬಿಡಿ. ಒಡಹುಟ್ಟಿದವಳು ಅಂತಲೂ ನೋಡ್ಲಿಲ್ಲ! ನಾನಾಗಿದ್ರೆ ಒಂದು ಕ್ಷಣ ಕೈ ನಡುಗೋದು." "ಕೆಲಸ ತಾನೇ" ಎಂದಳು ಅವಳು. ಎನ್ನುವಾಗ ತುಟಿ ತಾನಾಗಿ ಹಿಗ್ಗಿತು. ಹಿಗ್ಗಿದ್ದು ತಿಳಿದು ನಾಚಿಕೆಯಾಯಿತು. ಅವರು ಹೋದ ಮೇಲೂ ಆ ನಗು ಮುಖದಿಂದ ಬೇಗ ಇಳಿಯಲಿಲ್ಲ.

ಸಭಾಂಗಣದ ಮೂಲೆಯಲ್ಲಿ ಮೇಷ್ಟ್ರು ಊಟದ ಡಬ್ಬಿಯನ್ನು ತೆರೆಯದೆ ತೊಡೆಯ ಮೇಲಿಟ್ಟುಕೊಂಡು, ಮಡಚಿ ಮಡಚಿ ಸವೆದ ಕಾಗದವೊಂದನ್ನು ಓದುತ್ತಿದ್ದರು. ಅವಳದೇ ಟಿಪ್ಪಣಿ, ತರಬೇತಿಗೆಂದು ಅವಳು ಕೈಯಾರೆ ಬರೆದು ಹಂಚಿದ್ದು. ಅವಳನ್ನು ಕಂಡು ಎದ್ದು ನಿಂತರು. ಅವಳಿಗಿಂತ ಹನ್ನೆರಡು ವರ್ಷ ದೊಡ್ಡವರು, ಆದರೂ ಎದ್ದು ನಿಂತರು. "ಮೇಡಂ, ತಪ್ಪು ತಿಳ್ಕೋಬೇಡಿ. ಉದಾಹರಣೆ ಹದಿನಾಲ್ಕರಲ್ಲಿ ನೀವು ಬರೆದಿದ್ದೀರಿ, ಕಾರ್ಡು ಪೂರ್ತಿ ಮುಗಿಯೋವರೆಗೆ ಸೊನ್ನೆಯನ್ನು ನೋಡಬಾರದು ಅಂತ. ಅದನ್ನೇ ನಂಬಿ ನಾನು ಬದುಕಿದ್ದಾರೆ ಅಂದೆ. ಎಲ್ಲೋ ನಾನೇ ತಪ್ಪು ಓದಿಕೊಂಡಿರಬೇಕು. ಆಗಿಂದ ಹತ್ತು ಸಲ ಓದಿದೆ, ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ತಿಲ್ಲ." ಅವರ ದನಿಯಲ್ಲಿ ಕೊಂಕು ಹುಡುಕಿದಳು. ಇರಲಿಲ್ಲ. ಕೊಂಕಿದ್ದಿದ್ದರೆ ಬದುಕಿಕೊಳ್ಳುತ್ತಿದ್ದಳು. ಎಲ್ಲರೆದುರು ಅವರ ಮಾತನ್ನು ತುಳಿದುಹಾಕಿದಾಗ ಅವರ ಕಿವಿ ಕೆಂಪಾದದ್ದು ಈಗ ನೆನಪಾಯಿತು. ಅವರ ಶಾಲೆಯ ಇಬ್ಬರು ಮಕ್ಕಳು ಆ ಗುಂಪಿನಲ್ಲಿದ್ದರೆಂಬುದೂ. "ಆಮೇಲೆ ಹೇಳ್ತೀನಿ ಮೇಷ್ಟ್ರೇ. ನೀವು ಊಟ ಮಾಡಿ," ಎಂದಷ್ಟೇ ಹೇಳಿ ಏಳನೆಯ ಮೇಜಿನ ಕಡೆ ನಡೆದಳು.

ತಂಗಿ ಕಾರ್ಡುಗಳನ್ನು ಒಟ್ಟುಮಾಡಿ, ನಾಲ್ಕೂ ಅಂಚು ಮೇಜಿಗೆ ಕುಟ್ಟಿ ಸಮಮಾಡಿ, ಡಬ್ಬಿಗೆ ತುಂಬುತ್ತಿದ್ದಳು. ಅವಸರವಿರಲಿಲ್ಲ. ಕಣ್ಣು ಕೆಂಪಾಗಿರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು ಎಂದು ಅವಳಿಗನ್ನಿಸಿತು.

"ಮೂರೂವರೆ ಬಸ್ಸು ಸಿಗುತ್ತೆ ಅಕ್ಕ, ನಾನು ಹೊರಡ್ತೀನಿ."

"ಸ್ವಲ್ಪ ನಿಲ್ಲು." ಅವಳು ಡಬ್ಬಿಯತ್ತ ಬೆರಳು ತೋರಿಸಿದಳು. "ಆ ಕಾರ್ಡಲ್ಲಿ... ಎರಡನೇ ಸಾಲು ಇತ್ತಲ್ಲ."

"ಇತ್ತು."

"ಹಾಗಾದ್ರೆ ಸೊನ್ನೆ ಆದ್ರೂ..."

"ಬದುಕಿದ್ದೆ. ಕರಡಿ ಬಿದ್ದು ಐದಕ್ಕೆ ಬರ್ತಿದ್ದೆ. ಗೊತ್ತು ನಂಗೆ."

"ಗೊತ್ತಿತ್ತಾ? ಗೊತ್ತಿದ್ದೂ ಬಾಯಿ ಬಿಡ್ಲಿಲ್ಲ ಯಾಕೆ?"

ತಂಗಿ ಡಬ್ಬಿಯ ಮುಚ್ಚಳ ಒತ್ತಿದಳು. "ನಿನ್ನ ಮುಖ ನೋಡಿದೆ. ನಂಗೆ ಕೊಡಬೇಕಾದ್ದರಲ್ಲಿ ಕಡಿಮೆ ಕೊಡೋವಾಗ ನೀನೊಂದು ಮುಖ ಮಾಡ್ತೀಯ ಅಕ್ಕ. ಚಿಕ್ಕವಳಿದ್ದಾಗಿಂದ ನೋಡಿದೀನಿ. ನಾಲ್ಕು ಜನ ನೋಡ್ತಿದ್ರೆ ಇನ್ನೂ ಕಡಿಮೆ. ಆ ಮುಖ ಬಂದ್ಮೇಲೆ ಏನು ಹೇಳಿದ್ರೂ ನಿನ್ನ ಕಿವಿಗೆ ಹೋಗಲ್ಲ."

ಅವಳು ಮೇಜಿನ ಅಂಚು ಹಿಡಿದುಕೊಂಡಳು. ಇದು ಒಂದು ದಿನದ ಎಡವಟ್ಟಲ್ಲ ಎಂದಾಯಿತು. ಮನೆಯಲ್ಲಿ ಬ್ರೆಡ್ಡು ಹಂಚುವಾಗ, ಅಮ್ಮ ತೀರಿಕೊಂಡ ಮೇಲೆ ಅವಳ ಸೀರೆಗಳನ್ನು ಹಂಚುವಾಗ, ತಂಗಿಯ ಮದುವೆ ಮುರಿದು ಬಿದ್ದು ಹಿರಿಯರೆಲ್ಲ ಕೂತು ಯಾರದು ತಪ್ಪು ಎಂದು ಕೇಳಿದಾಗ "ಇವಳದ್ದೂ ಸ್ವಲ್ಪ ಇದೆ" ಎಂದು ತಾನೇ ಮೊದಲು ಬಾಯಿಬಿಟ್ಟದ್ದು, ಆಗ ಮಾವ ತಲೆಯಾಡಿಸಿ "ದೊಡ್ಡವಳು ನ್ಯಾಯವಾಗಿ ಮಾತಾಡ್ತಾಳೆ" ಎಂದದ್ದು. ತನ್ನ ಬದುಕಿನಲ್ಲಿ ತಾನು ನ್ಯಾಯವೆಂದು ಎತ್ತಿ ತೋರಿಸಬಹುದಾದ ಒಂದೊಂದು ಘಟನೆಯಲ್ಲೂ ಕಳೆದುಕೊಂಡವಳು ತಂಗಿಯೇ ಆಗಿದ್ದಳು. ಇದು ಇಷ್ಟು ವರ್ಷ ಕಣ್ಣಿಗೆ ಬೀಳಲೇ ಇಲ್ಲವಲ್ಲ ಎಂದು ಅವಳು ಬೆಚ್ಚಿದಳು.

"ಈಗ್ಲೇ ಮೈಕಲ್ಲಿ ಹೇಳ್ತೀನಿ. ಇನ್ನೂ ಹೊತ್ತಿದೆ."

"ಬೇಡ," ಎಂದಳು ತಂಗಿ. "ಈಗ ಹೇಳಿದ್ರೆ ತಂಗಿ ಬಂದು ಅತ್ತಳು, ಅಕ್ಕ ತಿರುಗಿಸಿದಳು ಅಂತಾರೆ. ಹನ್ನೊಂದು ವರ್ಷದಿಂದ ಕಟ್ಟಿದ ಹೆಸರು ನಿಂದು. ನಂಗೇನು, ಮುಂದಿನ ವರ್ಷ ಮತ್ತೆ ಆಡ್ತೀನಿ. ಬಿಟ್ಬಿಡು."

ಆಗ ಅದು ಆಯಿತು. ಅವಳ ಭುಜಗಳು ಇಳಿದವು. ಹೊಟ್ಟೆಯಲ್ಲಿ ಕಟ್ಟಿಕೊಂಡಿದ್ದದ್ದು ಸಡಿಲವಾಗಿ, ಒಂದು ಉದ್ದನೆಯ ನಿಟ್ಟುಸಿರು ಹೊರಬಿತ್ತು. ತಂಗಿ ಅದನ್ನು ನೋಡಿದಳು. "ನೋಡು, ಎಷ್ಟು ಹಗುರ ಆಯ್ತು ನಿಂಗೆ" ಎಂದಳು. ಚುಚ್ಚಿ ಆಡಿದ ಮಾತಲ್ಲ. ಅಂಗಿಯ ಕಾಜಾ ಸರಿಯಾಗಿ ಕೂತಿದೆಯೆ ಎಂದು ನೋಡಿ ಹೇಳುವಂತೆ ಹೇಳಿ, ಚೀಲ ಹೆಗಲಿಗೇರಿಸಿಕೊಂಡು ಬಾಗಿಲ ಕಡೆ ಹೋದಳು.

ಅವಳು ನಿಂತಲ್ಲೇ ನಿಂತಳು. ತಪ್ಪು ಮಾಡಿದ್ದಕ್ಕೆ ಇಷ್ಟು ಹೆದರಿಕೆಯಾಗಿರಲಿಲ್ಲ, ಹಗುರವಾದದ್ದಕ್ಕೆ ಆಯಿತು. ತಂಗಿ ತನ್ನ ಎಂಟು ವರ್ಷವನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟಾಗ ತನ್ನ ಮೈ ಸಂತೋಷಪಟ್ಟಿತ್ತು. ಮನಸ್ಸನ್ನು ಹೇಗೋ ಸುಮ್ಮನಾಗಿಸಬಹುದು, ಏನೋ ಒಂದು ಸಬೂಬು ಹೇಳಿಕೊಳ್ಳಬಹುದು, ಮೈಗೆ ಏನು ಹೇಳುವುದು? ಬಿಡುವು ಮುಗಿದ ಗಂಟೆ ಹೊಡೆಯಿತು. ಜನ ಕುರ್ಚಿಗಳನ್ನು ಎಳೆದುಕೊಂಡರು. ವೇದಿಕೆಯ ಮೇಲೆ ಮೇಷ್ಟ್ರು ಮೈಕು ಕೈಗೆತ್ತಿಕೊಂಡು, ಸುತ್ತು ಶುರುಮಾಡಲೆ ಎಂದು ಅವಳ ಕಡೆ ನೋಡಿದರು. ಅವಳು ತಲೆಯಾಡಿಸಿದರೆ ಸಾಕಿತ್ತು. ಕಾಲುಗಳು ತಾವಾಗಿ ಓಡಿದವೆಂದು ಕಾಣುತ್ತದೆ, ಯಾಕೆಂದರೆ ಮೈಕು ಈಗ ಅವಳ ಕೈಯಲ್ಲಿತ್ತು.

"ಏಳನೇ ಮೇಜಲ್ಲಿ ನಾನು ಕೊಟ್ಟ ತೀರ್ಪು ತಪ್ಪು. ಮೇಷ್ಟ್ರು ಹೇಳಿದ್ದೇ ಸರಿ. ತೀರ್ಪನ್ನ ವಾಪಸ್ ತಗೋತಿದೀನಿ. ಮೇಜಿನ ಕಾರ್ಡೆಲ್ಲ ಎತ್ತಾಗಿದೆ, ಅದಕ್ಕೆ ಆ ಆಟ ಮೊದಲಿಂದ ನಡೆಯುತ್ತೆ."

ಹಿಂದಿನ ಸಾಲಿನಿಂದ ಯಾರೋ "ಓಹೋ, ತಂಗಿ ಕಣ್ಣೀರು ಹಾಕಿದ್ಲಾ?" ಎಂದರು, ನಗು ಅಲ್ಲಿಂದ ಇಲ್ಲಿಯವರೆಗೆ ಹರಡಿತು. ವ್ಯವಸ್ಥಾಪಕರ ಕೈ ಹೊಟ್ಟೆಯಿಂದ ಜಾರಿತು. ಬೀಗದವನು ಎದ್ದು ಬಂದ. ಮುಖ ಬಿಳಚಿತ್ತು. "ಮೇಡಂ, ಏನಿದು? ಮನೆಗೆ ಫೋನ್ ಮಾಡಿ ಹೇಳ್ಬಿಟ್ಟಿದೀನಿ ನಾನು. ನನ್ನ ಮಗಳು ಅಲ್ಲಿ ಕುಣೀತಿದಾಳೆ."

"ತಪ್ಪು ನನ್ನದು. ನಿಮ್ಮದಲ್ಲ."

"ತಂಗಿ ಅಂತ ತಾನೇ ಹೀಗೆ ಮಾಡ್ತಿರೋದು?"

"ತಂಗಿ ಅಂತಲೇ ಮಾಡಿದ್ದು," ಎಂದಳು ಅವಳು. "ಆದ್ರೆ ಈಗಿನದ್ದಲ್ಲ. ಆಗ ಕೊಟ್ಟೆನಲ್ಲ, ಆ ತೀರ್ಪು."

ಬೀಗದವನಿಗೆ ಅರ್ಥವಾಯಿತೋ ಇಲ್ಲವೋ. ಮೀಸೆ ಕಚ್ಚಿಕೊಂಡು ಹೋಗಿ ಏಳನೆಯ ಮೇಜಿನಲ್ಲಿ ಕೂತ. ಎದುರಿನ ಕುರ್ಚಿ ಖಾಲಿ. ಸಾರಿದ ಹತ್ತು ನಿಮಿಷದೊಳಗೆ ಆಟಗಾರರು ಕುರ್ಚಿಯಲ್ಲಿ ಇರಬೇಕು, ಇಲ್ಲದಿದ್ದರೆ ಸೋತಂತೆ. ಮೇಷ್ಟ್ರು ದೊಡ್ಡ ಗಡಿಯಾರವನ್ನು ಹತ್ತಕ್ಕೆ ತಿರುಗಿಸಿ ಬಿಟ್ಟರು. ಅವಳು ತಂಗಿಗೆ ಫೋನು ಮಾಡಿದಳು; ಆಡುವಾಗ ಎಲ್ಲರೂ ಆರಿಸಿಡುವ ಫೋನು ಇನ್ನೂ ಆರಿಯೇ ಇತ್ತು. ಬಾಗಿಲಲ್ಲಿ ಚೀಟಿ ಹರಿಯುವ ಹೆಂಗಸು "ಬಸ್ ಸ್ಟಾಪಿಗೆ ತಾನೇ? ನಾನು ಹೋಗ್ತೀನಿ ಇರಿ" ಎಂದು ಸೆರಗು ಸಿಕ್ಕಿಸಿಕೊಂಡು ಓಡಿದಳು. ಅವಳಿಗೂ ಓಡಬೇಕೆನ್ನಿಸಿತು, ಆದರೆ ಮುಖ್ಯ ತೀರ್ಪುಗಾರ್ತಿ ಸಭಾಂಗಣ ಬಿಟ್ಟು ಹೋಗುವ ಹಾಗಿಲ್ಲ. ಆರು ನಿಮಿಷ. ನಾಲ್ಕು. ಅಂಗಡಿಯಲ್ಲಿ ಗಾಜು ಉಜ್ಜುವಾಗ ನಾಲ್ಕು ನಿಮಿಷ ಎಷ್ಟು ಹೊತ್ತು ಇರುತ್ತದೆ. ಇಲ್ಲಿ ಅದು ಇರಲೇ ಇಲ್ಲ. ಬಸ್ಸು ಬಂದುಬಿಟ್ಟಿರಬೇಕು. ತಂಗಿ ಕಿಟಕಿಯ ಪಕ್ಕ ಕೂತು ಚೀಲವನ್ನು ಮಡಿಲಲ್ಲಿಟ್ಟುಕೊಂಡಿರಬೇಕು. ಗಂಟೆ ಹೊಡೆಯಿತು.

ಬಾಗಿಲು ದಡಕ್ಕೆಂದದ್ದು ಅದಾದ ಮೇಲೆ. ತಂಗಿ ಒಳಗೆ ಬಂದಳು. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಚಪ್ಪಲಿ ಕಿತ್ತುಹೋಗಿ ಕೈಯಲ್ಲಿ. ಬರಿಗಾಲಿನ ಹೆಬ್ಬೆರಳು ಎಡವಿ ರಕ್ತ ಬರುತ್ತಿತ್ತು. "ಬಂದೆ, ಬಂದೆ" ಎಂದು ಏದುಸಿರು ಬಿಡುತ್ತ ಏಳನೆಯ ಮೇಜಿನವರೆಗೆ ಬಂದು ಗಡಿಯಾರ ನೋಡಿ ನಿಂತಳು. ಬೀಗದವನು ತನ್ನ ಕಾರ್ಡುಗಳತ್ತ ತಲೆ ತಗ್ಗಿಸಿದ. ಉಳಿದವರೆಲ್ಲ ತೀರ್ಪಿಗಾಗಿ ಅಕ್ಕನನ್ನು ನೋಡಿದರು.

ಹೊತ್ತು ಮೀರಿದರೆ ಮೀರಿತು, ಹತ್ತು ಸೆಕೆಂಡಾದರೂ ಹತ್ತು ಗಂಟೆಯಾದರೂ ಒಂದೇ. ಅದರಲ್ಲಿ ಅನುಮಾನವಿರಲಿಲ್ಲ. ಇಲ್ಲ ಎನ್ನಬೇಕು, ಮಾತು ತುಟಿಯವರೆಗೆ ಬಂದೂ ಆಗಿತ್ತು. ಆದರೆ ಇಲ್ಲ ಎನ್ನುತ್ತಿರುವುದು ನಿಯಮವೋ, ತಂಗಿ ಹೇಳಿದ ಆ ಮುಖವೋ? ಒಳಗೆ ಹುಡುಕಿದಳು. ಗೊತ್ತಾಗಲಿಲ್ಲ. ಹೂಂ ಎಂದರೆ ತಪ್ಪು ತೀರ್ಪು. ಇಲ್ಲ ಎಂದರೆ ಸರಿಯಾದ ತೀರ್ಪೇ, ಆದರೆ ಅದನ್ನು ಕೊಟ್ಟವರು ಯಾರೆಂದು ಅವಳು ಆಣೆಮಾಡಿ ಹೇಳಲಾರಳು. ನಲವತ್ತು ವರ್ಷ ದಾಟಿದ ಮೇಲೆ ಎರಡನ್ನೂ ಬಿಡಿಸಿ ನೋಡಲು ತನ್ನಿಂದಾಗುವುದಿಲ್ಲ ಎಂಬುದು ಅವಳಿಗೆ ತಿಳಿಯಿತು.

"ಮೇಷ್ಟ್ರೇ, ಇದನ್ನ ನೀವು ಹೇಳಿ," ಎಂದಳು. "ನಾನು ಅವಳ ಅಕ್ಕ." ಈ ಮೇಜಿಗೆ ಕರೆದಾಗಲೇ ಹೇಳಬೇಕಾಗಿದ್ದ ಮಾತು. ಹೇಳಿ, ಮೇಜಿನ ಆ ಬದಿಗೆ ಹೋಗಿ ತಂಗಿಯ ಪಕ್ಕದಲ್ಲಿ ನಿಂತಳು.

ಮೇಷ್ಟ್ರು ಗಡಿಯಾರ ನೋಡಿದರು, ತಂಗಿಯ ಕಾಲು ನೋಡಿದರು, ಕನ್ನಡಕ ತೆಗೆದು ಒರೆಸಿದರು. "ನಲವತ್ತು ಸೆಕೆಂಡು ಮೀರಿದೆ," ಎಂದರು. "ಆಟ ಬೀಗದವರದ್ದು."

ಸರಿಯಾದ ತೀರ್ಪು. ಎಲ್ಲೂ ಬೆರಳಿಟ್ಟು ತೋರಿಸುವ ಹಾಗಿಲ್ಲ. ತಂಗಿ ಹೂಂಗುಟ್ಟಿ, ಕಿತ್ತ ಚಪ್ಪಲಿಯನ್ನು ಹೇಗೋ ಕಾಲಿಗೆ ಸಿಕ್ಕಿಸಿಕೊಳ್ಳಲು ಬಗ್ಗಿದಳು.

"ಮೇಷ್ಟ್ರೇ, ಚಪ್ಪಲಿ ಕಿತ್ತುಹೋಗಿದೆ ನೋಡಿ." ದನಿ ಒಡೆದಿತ್ತು. ಯಾರದೆಂದು ಎಲ್ಲರೂ ತಿರುಗಿ ನೋಡಿದರು. ಅವಳಿಗೂ ತನ್ನದೆಂದು ತಿಳಿದದ್ದು ಆಮೇಲೆ. "ಓಡಿ ಬಂದಿದಾಳೆ. ಕಾಲಲ್ಲಿ ರಕ್ತ ಬರ್ತಿದೆ."

"ಮೇಡಂ..." ಮೇಷ್ಟ್ರು ತಬ್ಬಿಬ್ಬಾದರು. "ನಿಯಮ ನಿಮಗೇ ಗೊತ್ತಲ್ಲ."

"ಗೊತ್ತು. ಆದ್ರೂ ನಲವತ್ತೇ ಸೆಕೆಂಡು. ಎಂಟು ವರ್ಷದಿಂದ ಆಡ್ತಿದಾಳೆ ಇವಳು."

ಯಾರೋ ಜೋರಾಗಿ ನಕ್ಕರು. ವ್ಯವಸ್ಥಾಪಕರು ಮುಖ ತಿರುಗಿಸಿದರು. ಇಂಥ ಗೋಗರೆತವನ್ನು ಹನ್ನೊಂದು ವರ್ಷ ಕೇಳಿ ಕೇಳಿ, ಮುಖ ಕೂಡ ಎತ್ತದೆ ತಳ್ಳಿಹಾಕಿದವಳು ಅವಳು. ಆಗುವುದಿಲ್ಲ ಎಂದು ಅವಳಿಗೆ ಅಲ್ಲಿದ್ದ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ತಂಗಿ ಬಗ್ಗಿದ್ದವಳು ನೆಟ್ಟಗಾಗಿ, ಚಪ್ಪಲಿ ಹಿಡಿದ ಕೈ ಹಾಗೇ ನಿಂತು, ಯಾರೋ ಅಪರಿಚಿತರನ್ನು ಕಂಡವಳಂತೆ ಬಾಯಿ ತೆರೆದು ಅಕ್ಕನನ್ನೇ ನೋಡುತ್ತಿದ್ದಳು.

"ಸ್ವಲ್ಪ ನೋಡಿ ಮೇಷ್ಟ್ರೇ," ಎಂದು ಅವಳು ಎಲ್ಲರೆದುರು ಮತ್ತೆ ಕೇಳಿದಳು. "ನನ್ನ ತಂಗಿ ಇವಳು."